ಎಲ್ಫ್‌ಗಳ ಬುತ್ತಿಗೆ ಕಾಸರಗೋಡಿನ ಮಳೆಯ ಪರೀಕ್ಷೆ

ಜೆ. ಆರ್. ಆರ್. ಟೋಲ್ಕೀನ್ 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಎಲ್ಫ್ ಎಂಬ ಮಾಯಾಲೋಕದ ಜನ ದೂರ ಹೊರಟವರಿಗೆ ‘ಲೆಂಬಾಸ್’ ಎಂಬ ಬುತ್ತಿ ಕಟ್ಟಿಕೊಡುತ್ತಾರೆ. ತೆಳ್ಳನೆಯ ಬಿಲ್ಲೆ, ಹೊರಮೈ ನಸುಗಂದು, ಒಳಗೆ ಕೆನೆಬಣ್ಣ. ಎಲೆಯಲ್ಲಿ ಸುತ್ತಿ, ಮುರಿಯದೆ ಇಟ್ಟರೆ ಬಹಳ ದಿನ ಕೆಡದು. ಒಂದು ತಿಂದರೆ ಇಡೀ ದಿನದ ದುಡಿಮೆಗೆ ಸಾಕು. ಈ ಲೋಕಕ್ಕೆ ಮನಸೋತವರು ಬೆಣ್ಣೆ, ಜೇನು, ಮೈದಾ ಕಲಸಿ ಬಿಸ್ಕತ್ತು ಬೇಯಿಸಿ ಅದನ್ನೇ ಲೆಂಬಾಸ್ ಎನ್ನುವುದುಂಟು. ರುಚಿಗೇನೂ ಕೊರತೆಯಿಲ್ಲ. ಆದರೆ ಜುಲೈಯಲ್ಲಿ ಕಾಸರಗೋಡಿನ ಬದಿಯಡ್ಕದ ಅಡುಗೆಮನೆಯಲ್ಲಿ ಮುಚ್ಚಳ ತೆರೆದಿಟ್ಟರೆ ಆ ಬಿಸ್ಕತ್ತು ಬೇಗನೆ ಮೆತ್ತಗಾಗುತ್ತದೆ. ಕತೆಗಾರ ಹಾಕಿದ ಷರತ್ತುಗಳಿಗೆ ನಿಜವಾಗಿ ಒಗ್ಗುವ ತಿನಿಸು ಬೇಕಾದರೆ ನಮ್ಮ ಹಲಸಿನ ಮರದ ಬುಡಕ್ಕೇ ಬರಬೇಕು.

ಒಂದು ಷರತ್ತನ್ನು ಮೊದಲೇ ಕೈಬಿಡಬೇಕಾಗುತ್ತದೆ. ಇಡೀ ದಿನ ಹೊರೆ ಹೊತ್ತು ನಡೆಯುವವರಿಗೆ ಸುಮಾರು 3,500 ಕಿಲೋಕ್ಯಾಲೊರಿ ಬೇಕು. ಒಂದು ಗ್ರಾಂ ಪಿಷ್ಟದಲ್ಲಿ ಅಥವಾ ಸಕ್ಕರೆಯಲ್ಲಿ 4, ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿ ಇರುತ್ತದೆ. ಬರೀ ತುಪ್ಪ ತಿಂದರೂ 390 ಗ್ರಾಂ ತಿನ್ನಬೇಕು. ತೆಳ್ಳನೆಯ ಒಂದೇ ಬಿಲ್ಲೆಯಲ್ಲಿ ಅಷ್ಟನ್ನು ತುಂಬಲಾಗದು. ಅದು ಮಾಯಾಲೋಕದ ಪಾಲು.

ಕೆಡದೆ ಉಳಿಯುವ ವಿಷಯ ಹಾಗಲ್ಲ. ತಿನಿಸಿನಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದಕ್ಕಿಂತ ಸೂಕ್ಷ್ಮಜೀವಿಗಳ ಬಳಕೆಗೆ ಎಷ್ಟು ಸಿಗುತ್ತದೆ ಎಂಬುದು ಮುಖ್ಯವೆಂದು 1950ರ ದಶಕದಲ್ಲಿ ಆಸ್ಟ್ರೇಲಿಯದ ಡಬ್ಲ್ಯು. ಜೆ. ಸ್ಕಾಟ್ ತೋರಿಸಿಕೊಟ್ಟರು. ಈ ಅಳತೆಗೆ ನೀರಿನ ಸಕ್ರಿಯತೆ ಎನ್ನುತ್ತಾರೆ. ಶುದ್ಧ ನೀರಿನದು 1. ಸುಮಾರು 0.91ರ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು, 0.80ರ ಕೆಳಗೆ ಹೆಚ್ಚಿನ ಬೂಷ್ಟುಗಳು ಬೆಳೆಯಲಾರವು, 0.60ರ ಕೆಳಗೆ ಯಾವುದೂ ಬೆಳೆಯದು. ಆದರೆ ತೆರೆದಿಟ್ಟ ತಿನಿಸು ಸುತ್ತಲಿನ ಗಾಳಿಗೆ ಹೊಂದಿಕೊಳ್ಳುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗಾಳಿಯ ತೇವಾಂಶ ಶೇ. 90 ಮುಟ್ಟಿದರೆ ತಿನಿಸಿನ ಸಕ್ರಿಯತೆಯೂ ಕ್ರಮೇಣ 0.90ರತ್ತ ಏರುತ್ತದೆ. ನಮ್ಮ ಕಡೆ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವುದು ಇದೇ ಕಾರಣಕ್ಕೆ.

‘ತೆಳ್ಳನೆಯ’, ‘ಮುರಿಯದೆ’ ಎಂಬ ಎರಡು ಮಾತುಗಳನ್ನು ಈಗ ಮತ್ತೆ ಓದಬೇಕು. ದಪ್ಪ ರೊಟ್ಟಿಯ ಹೊರಮೈ ಒಣಗಿದ್ದರೂ ಒಳಗಿನ ತೇವ ಮೆಲ್ಲಗೆ ಹೊರಕ್ಕೆ ಹರಿದು ಗರಿಗರಿಯನ್ನು ಕೆಡಿಸುತ್ತದೆ. ತೆಳ್ಳಗಿದ್ದರೆ ಒಳಗೂ ಹೊರಗೂ ಒಂದೇ ಸಮನೆ ಒಣಗಿಸಬಹುದು. ಮುರಿದರೆ ಗಾಳಿಗೆ ತೆರೆದುಕೊಳ್ಳುವ ಮೈ ಹೆಚ್ಚುತ್ತದೆ, ತೇವ ಒಳನುಗ್ಗುತ್ತದೆ. ಕತೆಗಾರನ ಕಣ್ಣು ಇಲ್ಲಿ ಎಷ್ಟು ಸೂಕ್ಷ್ಮ!

ಎಲೆಯ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಬಾಳೆ ಎಲೆಯ ಮೇಲೆ ಮೇಣದ ಪದರವಿರುವುದು ನಿಜ. ಬೆಂಕಿಗೆ ಹಿಡಿದು ಬಾಡಿಸಿದರೆ ಎಲೆ ಸೀಳದೆ ಮಡಚಿಕೊಳ್ಳುವುದೂ ನಿಜ. ಆದರೆ ಹಸಿ ಎಲೆಯ ತೂಕದಲ್ಲಿ ಬಹುಪಾಲು ನೀರೇ. ಅರಿಶಿನ ಎಲೆಯ ಕಡುಬಾಗಲಿ, ತೇಗದ ಎಲೆಯಲ್ಲಿ ಕಟ್ಟಿದ ಹಲಸಿನ ಹಣ್ಣಿನ ‘ಕೊಟ್ಟಿಗೆ’ ಎಂಬ ಕಡುಬಾಗಲಿ ಹಬೆಯಲ್ಲಿ ಬೆಂದು, ಹೆಚ್ಚು ಕಾಯದೆ ತಿನ್ನಬೇಕಾದವು.

ಬಾಳಿಕೆಗೆ ನಮ್ಮಲ್ಲಿ ಇರುವುದು ಬೆರಟಿ. ಬಾಯಿಗಿಟ್ಟರೆ ಜಾರುವ ತುಳುವ ಹಲಸಿನ ತೊಳೆಗಳನ್ನು ಬೇಯಿಸಿ, ಅರೆದು, ಬೆಲ್ಲ ಸೇರಿಸಿ ಉರುಳಿಯಲ್ಲಿ ಕಾಯಿಸುತ್ತಾರೆ. ಮೊದಲು ನೀರು ಸಲೀಸಾಗಿ ಆವಿಯಾಗುತ್ತದೆ. ಪಾಕ ದಪ್ಪವಾದಂತೆ ಆವಿಗೆ ದಾರಿ ಸಿಗದೆ ದೊಡ್ಡ ಗುಳ್ಳೆಗಳೆದ್ದು ಪಟ್ಟೆಂದು ಒಡೆಯುತ್ತವೆ, ಕೈಗೆ ಸಿಡಿಯುತ್ತವೆ. ಸಟ್ಟುಗದ ಹಿಡಿ ಉದ್ದವಾಗಿರಬೇಕಾದ್ದು ಇದಕ್ಕೇ. ಕೈಯಾಡಿಸುವುದು ನಿಂತರೆ ತಳ ಸೀಯುತ್ತದೆ. ಸಕ್ಕರೆ ದಟ್ಟವಾದಷ್ಟೂ ಕುದಿಬಿಂದು ಏರುತ್ತದೆ: ಬರೀ ಸಕ್ಕರೆ ಪಾಕ ಸುಮಾರು 112 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತಿದ್ದರೆ ಅದರಲ್ಲಿ ಶೇ. 80ರ ಆಸುಪಾಸು ಸಕ್ಕರೆ ಇದೆ ಎಂದರ್ಥ. ಉಂಡೆ ಕಟ್ಟಿ ಬೆರಳಿಗೆ ಅಂಟದಾಗ ಇಳಿಸುವ ಅಜ್ಜಿಯಂದಿರು ಥರ್ಮಾಮೀಟರ್ ಇಲ್ಲದೆಯೇ ಇದನ್ನು ಅಳೆಯುತ್ತಾರೆ. ಉಳಿದ ನೀರನ್ನು ಸಕ್ಕರೆಯ ಅಣುಗಳು ಹಿಡಿದಿಟ್ಟುಕೊಳ್ಳುವುದರಿಂದ ಮೆತ್ತಗಿರುವ ಬೆರಟಿಯೂ ಭರಣಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ತೆಂಗಿನ ಚಿಪ್ಸ್‌ನಲ್ಲೂ ಇದೇ ತತ್ತ್ವವಿದೆ. ಕಾಯಿಯ ತೆಳು ಹೋಳುಗಳನ್ನು ಸಕ್ಕರೆ ಪಾಕದಲ್ಲಿ ನೆನೆಸಿದಾಗ ನೀರು ಹೊರಬರುತ್ತದೆ, ಆಮೇಲೆ ಒಣಗಿಸುತ್ತಾರೆ.

ನನ್ನ ಲೆಂಬಾಸ್ ಹೀಗೆ: ಗಟ್ಟಿ ಬೆರಟಿ, ಹುರಿದು ಪುಡಿಮಾಡಿದ ಕುಚ್ಚಲಕ್ಕಿ, ಹುರಿದ ಕೊಬ್ಬರಿ ತುರಿ, ಎಳ್ಳು, ಸ್ವಲ್ಪ ತೆಂಗಿನೆಣ್ಣೆ. ಕೊಬ್ಬರಿಯನ್ನು ಚೆನ್ನಾಗಿ ಹುರಿಯಲೇಬೇಕು. ತೇವ ಉಳಿದರೆ ಕಿಣ್ವಗಳು ಎಣ್ಣೆಯನ್ನು ಒಡೆದು ಲಾರಿಕ್ ಆಮ್ಲ ಬಿಡಿಸುತ್ತವೆ, ತಿನಿಸಿಗೆ ಸೋಪಿನ ರುಚಿ ಬರುತ್ತದೆ. ಬಿಲ್ಲೆಯನ್ನು ಹಪ್ಪಳಕ್ಕಿಂತ ತುಸು ದಪ್ಪಕ್ಕೆ ತಟ್ಟಿ, ಕಾವಲಿಯಲ್ಲಿ ಸಣ್ಣ ಉರಿಗೆ ಎರಡೂ ಬದಿ ನಿಧಾನವಾಗಿ ಒಣಗಿಸಬೇಕು. ಕೆನೆಬಣ್ಣ ಬರದು, ಒಳಗೂ ಕಂದೇ. ಹಲಸಿನ ಪರಿಮಳಕ್ಕಾಗಿ ಆ ಬಣ್ಣವನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಇಲ್ಲದಿದ್ದರೆ ಮುಚ್ಚಳದ ಒಳಗೆ ಹಬೆ ನೀರಾಗುತ್ತದೆ.

ಡಬ್ಬಿಯೊಳಗೆ ಪುಟ್ಟ ಬಟ್ಟಲಲ್ಲಿ ಒಂದು ಚಿಟಿಕೆ ಒಣ ಪುಡಿ ಉಪ್ಪು ಇಡಿ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಶುದ್ಧ ಉಪ್ಪು ನೀರೊಡೆಯುತ್ತದೆ. ಬೂಷ್ಟಿಗೂ ದಾರಿ ತೆರೆಯುವುದು ಆ ಆಸುಪಾಸಿನಲ್ಲೇ. ಉಪ್ಪು ಒದ್ದೆಯಾಗಿದ್ದರೆ ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಬೂಷ್ಟು ಕಂಡರೆ ಎಸೆಯಿರಿ; ಕಾಣದಿದ್ದರೆ ಅಂದೇ ತಿಂದು ಮುಗಿಸಿ, ಮುಂದಿನ ಬಾರಿ ಮುಚ್ಚಳ ಬಿಗಿಯಾದ ಡಬ್ಬಿ ಹುಡುಕಿ.