ಹಳದಿಯಾಗಿದ್ದು ಯಾವ ಎಲೆ?

ಅಕ್ವೇರಿಯಂ ಗಿಡದ ಎಲೆ ಹಳದಿಯಾಯಿತು ಅಂದ್ರೆ ಸಾಕು, ಹೆಚ್ಚಿನವರ ಕೈ ಕಬ್ಬಿಣದ ಗೊಬ್ಬರಕ್ಕೇ ಹೋಗುತ್ತದೆ. ಕೆಂಪು ಗಿಡ ಹಸಿರಿಗೆ ತಿರುಗಿದರೂ ಅದೇ ಮದ್ದು. ದಯವಿಟ್ಟು ಸುಮ್ನೆ ಸುರಿಯಬೇಡಿ. ಹಳದಿಯಾಗಿದ್ದು ಬುಡದ ಹಳೆ ಎಲೆಯೋ, ತುದಿಯ ಚಿಗುರೋ? ಮೊದಲು ಅದನ್ನು ನೋಡಿ.

ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡುತ್ತವೆ, ಕೆಲವು ಕೂತಲ್ಲೇ ಕೂರುತ್ತವೆ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಓಡಾಡುವ ಗುಂಪು. ನೀರಿನಲ್ಲಿ ಸಾರಜನಕ ಕಮ್ಮಿಯಾದರೂ ಗಿಡ ಚಿಗುರುವುದನ್ನು ಬಿಡುವುದಿಲ್ಲ. ಹಳೆ ಎಲೆಯ ಪ್ರೋಟೀನ್ ಒಡೆದು, ಅದರಲ್ಲಿದ್ದ ಸಾರಜನಕವನ್ನು ತುದಿಗೆ ಸಾಗಿಸುತ್ತದೆ. ಹಳೆ ಮನೆಯ ತೊಲೆ, ಹೆಂಚು ಕಳಚಿ ಹೊಸ ಮನೆ ಕಟ್ಟುತ್ತಾರಲ್ಲ, ಹಾಗೆ. ಜೊತೆಗೆ ಹಳೆ ಎಲೆಗೆ ಹಸಿರು ಕೊಡುವ ಪತ್ರಹರಿತ್ತೂ ಒಡೆದುಹೋಗುತ್ತದೆ. ಬುಡ ಹಳದಿ, ತುದಿ ಹಸಿರು.

ಕಬ್ಬಿಣ ಹೀಗೆ ಓಡಾಡುವುದಲ್ಲ. ಒಂದು ಎಲೆ ಸೇರಿದ ಮೇಲೆ ಅಲ್ಲಿಂದ ಸುಲಭಕ್ಕೆ ಕದಲುವುದಿಲ್ಲ. ಹಾಗಾಗಿ ಕೊರತೆಯಾದರೆ ಮೊದಲ ಪೆಟ್ಟು ಚಿಗುರಿಗೆ. ಎಳೆ ಎಲೆಯನ್ನು ಹತ್ತಿರದಿಂದ ನೋಡಿ: ನರಗಳಷ್ಟೇ ಹಸಿರು, ನಡುವಿನ ಜಾಗವೆಲ್ಲ ಬಿಳಿಚಿಕೊಂಡಿರುತ್ತದೆ. 1840ರ ದಶಕದಲ್ಲೇ ಫ್ರಾನ್ಸಿನ ವಿಜ್ಞಾನಿ ಯೂಸೇಬ್ ಗ್ರಿಸ್, ಹಳದಿಯಾದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣ ಕೊಟ್ಟು ಅವನ್ನು ಮತ್ತೆ ಹಸಿರಾಗಿಸಿ ತೋರಿಸಿದ್ದ. ಆ ಗಿಡಗಳಿಗೆ ಬೇಕಾಗಿದ್ದೇ ಕಬ್ಬಿಣ. ಹಾಗಂತ ಪತ್ರಹರಿತ್ತಿನೊಳಗೆ ಕಬ್ಬಿಣ ಇದೆ ಅಂದುಕೊಳ್ಳಬೇಡಿ. ಅದರ ನಡುವೆ ಕೂತಿರುವುದು ಮೆಗ್ನೀಸಿಯಂ, ಸುತ್ತ ನಾಲ್ಕು ಸಾರಜನಕದ ಪರಮಾಣು. ಕಬ್ಬಿಣ ಬೇಕಾಗುವುದು ಪತ್ರಹರಿತ್ತನ್ನು ತಯಾರಿಸುವ ಕೆಲಸಕ್ಕೆ.

ಇನ್ನು ಕೆಂಪಿನ ವಿಷಯ. ರಕ್ತಕ್ಕೆ ಕೆಂಪು ಕೊಡುವುದು ಕಬ್ಬಿಣ, ಎಲೆಗೂ ಅದೇ ಅಲ್ವಾ ಅನ್ನುವುದು ಹಲವರ ಲೆಕ್ಕ. ಅಲ್ಲವೇ ಅಲ್ಲ! ರೋಟಾಲಾ, ಲುಡ್ವಿಜಿಯಾ ಗಿಡಗಳ ಕೆಂಪು ಆಂಥೋಸಯನಿನ್ ಎಂಬ ಬಣ್ಣದ ವಸ್ತುವಿನದು. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೇ. ಪತ್ರಹರಿತ್ತಿನಲ್ಲಿ ಮೆಗ್ನೀಸಿಯಂ ಇದೆ ಎಂದು ಖಚಿತಪಡಿಸಿದ ಜರ್ಮನ್ ರಸಾಯನಶಾಸ್ತ್ರಜ್ಞ ರಿಚರ್ಡ್ ವಿಲ್‌ಸ್ಟೆಟರ್‌ನೇ ಆಂಥೋಸಯನಿನ್‌ಗಳ ರಚನೆಯ ಬೆನ್ನನ್ನೂ ಹತ್ತಿದ್ದ. ಸಸ್ಯದ ಬಣ್ಣಗಳ ಈ ಸಂಶೋಧನೆಗೆ 1915ರಲ್ಲಿ ಅವನಿಗೆ ನೊಬೆಲ್ ಸಿಕ್ಕಿತು. ಹಸಿರು, ಕೆಂಪು ಎರಡಕ್ಕೂ ಒಬ್ಬನೇ ಕೈಹಾಕಿದ್ದು ನನಗೆ ಇವತ್ತಿಗೂ ಅಚ್ಚರಿ.

ಬೆಳಕು ಜಾಸ್ತಿ ಇದ್ದು, ನೀರಿನಲ್ಲಿ ಗಿಡಕ್ಕೆ ಸಾರಜನಕ ಒದಗಿಸುವ ನೈಟ್ರೇಟ್ ಕಮ್ಮಿಯಾದರೆ ಏನಾಗುತ್ತದೆ? ಎಲೆ ಸಕ್ಕರೆ ತಯಾರಿಸುತ್ತಲೇ ಇರುತ್ತದೆ, ಆದರೆ ಅದನ್ನು ಪ್ರೋಟೀನ್ ಮಾಡಲು ಸಾರಜನಕ ಸಾಲದು. ಉಳಿದ ಸಕ್ಕರೆಯಲ್ಲಿ ಒಂದಷ್ಟು ಆಂಥೋಸಯನಿನ್ ಆಗುತ್ತದೆ. ರೋಟಾಲಾ ಕೆಂಪೇರುವುದು ಹೀಗೆ.

ಆದರೆ ನೈಟ್ರೇಟ್ ಇಳಿಸಿ ಕೆಂಪೇರಿಸುವ ಈ ಉಪಾಯವನ್ನು ಎಲ್ಲ ಕೆಂಪು ಗಿಡಕ್ಕೂ ಹಚ್ಚಬೇಡಿ. ಆಲ್ಟರ್ನಾಂಥೆರಾದ ಕೆಂಪು ಬೇರೆಯೇ ಬಣ್ಣ, ಬೀಟ್‌ರೂಟಿನಲ್ಲಿರುವ ಬೀಟಾಲೈನ್ ಜಾತಿಯದು. ಬೀಟಾಲೈನ್ ಮಾಡುವ ಗಿಡ ಆಂಥೋಸಯನಿನ್ ಮಾಡುವುದಿಲ್ಲ. ಮುಖ್ಯವಾಗಿ, ಬೀಟಾಲೈನಿಗೆ ಸಾರಜನಕವೇ ಬೇಕು. ರೋಟಾಲಾ ಕೆಂಪಾಗಲಿ ಎಂದು ನೈಟ್ರೇಟ್ ತೀರಾ ಇಳಿಸಿದರೆ, ಅದೇ ಟ್ಯಾಂಕಿನ ಆಲ್ಟರ್ನಾಂಥೆರಾ ಬುಡದ ಎಲೆಗಳನ್ನು ಕಳೆದುಕೊಳ್ಳಲು ಶುರು ಮಾಡುತ್ತದೆ.