ಯುಎಸ್‌ಬಿ ಡಿವೈಸ್ ಹೆಸರು ಉದ್ದ ಆದ್ರೆ ಕರ್ನಲ್‌ಗೇನು ಕಷ್ಟ?

ಯುಎಸ್‌ಬಿ ಡಿವೈಸ್ ಸಿಗಿಸಿದ ತಕ್ಷಣ ಅದು ಮೊದಲು ತನ್ನ ಪರಿಚಯ ಹೇಳ್ಕೊಳ್ಳುತ್ತೆ, ಯಾವ ಕಂಪನಿದು, ಹೆಸರೇನು ಅಂತೆಲ್ಲ. ಈ ಹೆಸರು 126 ಅಕ್ಷರದವರೆಗೂ ಇರಬಹುದು, ಮತ್ತೆ ಅದರಲ್ಲಿ ಏನಿರಬೇಕು ಅನ್ನೋದು ಆ ಚಿಪ್ ಪ್ರೋಗ್ರಾಮ್ ಮಾಡಿದೋರ ಇಷ್ಟ.

ಲಿನಕ್ಸ್‌ನಲ್ಲಿ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಅನ್ನೋ ಕಂಪನಿಯ ಆಡಿಯೋ ಡಿವೈಸ್‌ಗಳಿಗೆ ಕಯಾಕ್ ಅಂತ ಒಂದು ಡ್ರೈವರ್, ಅಂದ್ರೆ ಡಿವೈಸ್ ಜೊತೆ ಮಾತಾಡೋ ಕೋಡ್, ಇದೆ. ಡಿವೈಸ್ ಹೇಳಿದ ಹೆಸರನ್ನ ಅದು 80 ಬೈಟ್ ಜಾಗಕ್ಕೆ ಸ್ಟ್ರ್‌ಕಾಪಿ ಅನ್ನೋ ಸಿ ಭಾಷೆಯ ಫಂಕ್ಷನ್‌ನಿಂದ ಕಾಪಿ ಮಾಡ್ತಿತ್ತು. ಸ್ಟ್ರ್‌ಕಾಪಿಗೆ ಗೊತ್ತಿರೋದು ಒಂದೇ, ಸ್ಟ್ರಿಂಗ್ (ಅಕ್ಷರಗಳ ಸಾಲು) ಮುಗೀತು ಅಂತ ಹೇಳೋ ಸೊನ್ನೆ ಬೈಟ್ ಸಿಗೋವರೆಗೂ ಬರೀತಾ ಹೋಗೋದು, ಬರೀತಿರೋ ಜಾಗ ಎಷ್ಟಿದೆ ಅಂತ ಅದು ಕೇಳೋದೇ ಇಲ್ಲ. ಹಾಗಾಗಿ ಹೆಸರು ಉದ್ದ ಆದ್ರೆ ಮಿಕ್ಕಿದ್ದೆಲ್ಲ ಪಕ್ಕದ ಮೆಮೊರಿ ಮೇಲೆ ಬೀಳುತ್ತೆ, ಅಲ್ಲಿ ಪಾಯಿಂಟರ್ (ಮೆಮೊರಿಯ ಬೇರೊಂದು ಜಾಗದ ವಿಳಾಸ) ಇದ್ರೆ ಅದೂ ಹಾಳು. ಮಾಮೂಲಿ ಆ್ಯಪ್‌ನಲ್ಲಿ ಹೀಗಾದ್ರೆ ಆ ಆ್ಯಪ್ ಬೀಳುತ್ತೆ ಅಷ್ಟೇ, ಆದ್ರೆ ಡ್ರೈವರ್ ಓಡೋದು ಓಎಸ್‌ನ ತಿರುಳಾದ ಕರ್ನಲ್ ಒಳಗೆ, ಇಡೀ ಮಷೀನೇ ಹೋಗಬಹುದು, ಇಲ್ಲಾ ಬೇರೆಯವರ ಕೈಗೆ ಸಿಗಬಹುದು. 2011ರಲ್ಲಿ ಇದು ಭದ್ರತಾ ದೋಷಗಳ ಪಟ್ಟಿಯಾದ ಸಿವಿಇಯಲ್ಲಿ ಸಿವಿಇ-2011-0712 ಅಂತ ದಾಖಲಾಯ್ತು. ರಿಪೇರಿ ಏನು ಗೊತ್ತಾ, ಸ್ಟ್ರ್‌ಕಾಪಿ ತೆಗೆದು ಸ್ಟ್ರ್‌ಎಲ್‌ಕಾಪಿ ಹಾಕಿ ಜಾಗದ ಸೈಜ್ ಕೊಟ್ಟಿದ್ದು, ಅಷ್ಟೇ.

ಸೈಜ್ ತಗೊಳ್ಳೋ ಸ್ಟ್ರ್‌ಎನ್‌ಕಾಪಿ ಮೊದಲಿಂದ್ಲೂ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು, ಆದ್ರೆ ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಹಳೇ ಯುನಿಕ್ಸ್‌ನಲ್ಲಿ ಫೈಲ್ ಹೆಸರಿಗೆ ಸರಿಯಾಗಿ 14 ಬೈಟ್, ಪೂರ್ತಿ ತುಂಬಿದ್ರೆ ಕೊನೆಗೆ ಸೊನ್ನೆ ಬೇಕಿರಲಿಲ್ಲ, ಅಂಥ ಖಾನೆ ತುಂಬೋಕೆ ಹೇಳಿ ಮಾಡಿಸಿದ ಹಾಗಿತ್ತು. ಈಗಿನ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಹೆಸರಿಗೆ 16 ಬೈಟ್. ಯುಎಸ್‌ಬಿ ವೈಫೈ ಹಾಕಿದ್ರೆ ಡಬ್ಲ್ಯು-ಎಲ್-ಎಕ್ಸ್ ಅನ್ನೋ ಮೂರಕ್ಷರ, ಅದರ ಮುಂದೆ ಮ್ಯಾಕ್ ಅಡ್ರೆಸ್‌ನ (ನೆಟ್‌ವರ್ಕ್ ಡಿವೈಸ್‌ನ ಗುರುತಿನ ನಂಬರ್) 12 ಅಕ್ಷರ ಸೇರಿದ ಹೆಸರನ್ನ ನೋಡಿರ್ತೀರಿ, 15 ಆಯ್ತು, 16ನೇದು ಕೊನೆಯ ಸೊನ್ನೆಗೆ. ಇನ್ನೊಂದೇ ಅಕ್ಷರ ಜಾಸ್ತಿ ಇರೋ ಸ್ಟ್ರಿಂಗನ್ನ ಆ ಜಾಗಕ್ಕೆ ಸ್ಟ್ರ್‌ಎನ್‌ಕಾಪಿ ಮಾಡಿದ್ರೆ ಬರೆಯೋದೇನೋ 16ಕ್ಕೇ ನಿಲ್ಲುತ್ತೆ, ಆದ್ರೆ ಸೊನ್ನೆ ಇರಲ್ಲ, ಆಮೇಲೆ ಅದನ್ನ ಪ್ರಿಂಟ್ ಮಾಡೋರು ಸೊನ್ನೆ ಹುಡುಕ್ತಾ ಪಕ್ಕದ ಮೆಮೊರಿನೂ ಓದ್ಕೊಂಡು ಹೋಗ್ತಾರೆ. ನನ್ನ ಪ್ರಕಾರ ಸ್ಟ್ರ್‌ಕಾಪಿಗಿಂತ ಇದು ಕೆಟ್ಟದ್ದು, ಯಾಕಂದ್ರೆ ಕೋಡ್ ರಿವ್ಯೂನಲ್ಲಿ ಸೈಜ್ ಕಂಡ ತಕ್ಷಣ ಎಲ್ರೂ ತಲೆ ಅಲ್ಲಾಡಿಸಿ ಮುಂದೆ ಹೋಗಿಬಿಡ್ತಾರೆ.

ಸ್ಟ್ರ್‌ಎಲ್‌ಕಾಪಿ ಬಂದಿದ್ದು ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಓಎಸ್‌ನಿಂದ, 1998ರಲ್ಲಿ. ಕೊನೆಗೆ ಸೊನ್ನೆ ಹಾಕೇ ಹಾಕುತ್ತೆ. ಆದ್ರೆ ಮೂಲ ಸ್ಟ್ರಿಂಗ್ ಎಷ್ಟುದ್ದ ಅಂತ ವಾಪಸ್ ಹೇಳ್ಬೇಕಲ್ಲ, ಅದಕ್ಕೆ ಆ ಸ್ಟ್ರಿಂಗನ್ನ ಕೊನೆವರೆಗೂ ಓದುತ್ತೆ, ಅದರಲ್ಲೇ ಸೊನ್ನೆ ಇಲ್ದಿದ್ರೆ ಗೋವಿಂದ. ಹಾಗಾಗಿ ಅದನ್ನೂ 2024ರ ಆರಂಭದಲ್ಲಿ, 6.8 ವರ್ಷನ್ ಹೊತ್ತಿಗೆ, ಲಿನಕ್ಸ್ ಕರ್ನಲ್‌ನಿಂದ ತೆಗೆದುಹಾಕಿದ್ರು. ಈಗ ಬಳಸೋದು 2015ರಿಂದ ಇರೋ ಸ್ಟ್ರ್‌ಎಸ್‌ಕಾಪಿ. ಜಾಗ ಸಾಲದಿದ್ರೆ ಕತ್ತರಿಸಿ, ಸೊನ್ನೆ ಹಾಕಿ, ಒಂದು ನೆಗೆಟಿವ್ ಎರರ್ ಕೊಡುತ್ತೆ. ಆ ಎರರ್ ನೋಡಬೇಕಾ ಬೇಡ್ವಾ ಅನ್ನೋದು ಡ್ರೈವರ್ ಬರೆಯೋರ ತೀರ್ಮಾನ. ಬರೀ ತೋರಿಸೋ ಹೆಸರು ಕತ್ತರಿಸಿದ್ರೆ ಪರವಾಗಿಲ್ಲ, ಫರ್ಮ್‌ವೇರ್ (ಡಿವೈಸ್ ಒಳಗೆ ಓಡೋ ಪ್ರೋಗ್ರಾಮ್) ಫೈಲ್ ಹೆಸರು ಕತ್ತರಿಸಿದ್ರೆ ಸಿಗೋ ಫೈಲೇ ಬೇರೆ. ಆಮೇಲೆ ಬಫರ್, ಅಂದ್ರೆ ಹೆಸರು ಬರೆದಿರೋ ಜಾಗ, ಯೂಸರ್ ಪ್ರೋಗ್ರಾಮ್‌ಗೆ ಹೋಗೋದಾದ್ರೆ ಉಳಿದ ಬೈಟ್‌ಗಳನ್ನೂ ಸೊನ್ನೆ ಮಾಡೋ ಪ್ಯಾಡ್ ವರ್ಷನ್ ಬೇಕು, ಇಲ್ದಿದ್ರೆ ಹಳೇ ಕರ್ನಲ್ ಡೇಟಾ ಹೊರಗೆ ಹೋಗುತ್ತೆ.

ಜಾಗದ ಸೈಜ್ ಹೇಳೋ ಸಿ ಭಾಷೆಯ ಸೈಜ್‌ಆಫ್ ವಿಷ್ಯದಲ್ಲೂ ಹುಷಾರು. ಆ 80 ಬೈಟ್ ಜಾಗ ಅರೇ (ಒಂದೇ ಥರದ ಖಾನೆಗಳ ಸಾಲು) ಆದ್ರೆ 80 ಸಿಗುತ್ತೆ, ಅದೇ ಅರೇನ ಫಂಕ್ಷನ್‌ಗೆ ಕೊಟ್ಮೇಲೆ ಅಲ್ಲಿ ಬರೀ ಪಾಯಿಂಟರ್, 64 ಬಿಟ್ ಮಷೀನಲ್ಲಿ 8 ಸಿಗುತ್ತೆ.

ಸ್ಟ್ರಿಂಗ್ ಜೋಡಿಸ್ತಾ ಹೋಗೋವಾಗ, ಬಫರ್‌ಗೆ ಬರೆಯೋ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ಕೈಕೊಡುತ್ತೆ. ಅದು ವಾಪಸ್ ಕೊಡೋದು ಬರೆದ ಉದ್ದ ಅಲ್ಲ, ಜಾಗ ಇದ್ದಿದ್ರೆ ಎಷ್ಟು ಬರೀತಿದ್ದೆ ಅನ್ನೋದು. ಅದನ್ನ ಕೂಡಿಸ್ತಾ ಹೋಗಿ, ಒಟ್ಟು ಸೈಜ್‌ನಿಂದ ಕಳೆದ್ರೆ ಉಳಿದ ಜಾಗ ಮೈನಸ್‌ಗೆ ಹೋಗುತ್ತೆ, ಸೈಜ್ ಅನ್‌ಸೈನ್ಡ್ (ಮೈನಸ್ ಇಟ್ಕೊಳ್ಳೋಕಾಗದ ಸಂಖ್ಯೆ) ಆಗಿರೋದ್ರಿಂದ ಆ ಮೈನಸ್ಸೇ ಭಾರೀ ದೊಡ್ಡ ಸಂಖ್ಯೆಯಾಗಿ ಕಾಣುತ್ತೆ. ಕರ್ನಲ್‌ನ ಎಸ್‌ಸಿಎನ್‌ಪ್ರಿಂಟ್‌ಎಫ್ ನಿಜವಾಗಿ ಬರೆದಷ್ಟನ್ನೇ ಹೇಳುತ್ತೆ, ಡ್ರೈವರಲ್ಲಿ ಜೋಡಿಸೋ ಕೆಲಸ ಇದ್ರೆ ಅದನ್ನೇ ಬಳಸಿ.