ಜೆನಿಫರ್ ಹೆಸರನ್ನು ಬೆಳೆಸಿದ್ದು ಸಿನಿಮಾ ಅಲ್ಲ

ಜೆನಿಫರ್ ಎಂಬ ಹೆಸರು ಅಮೆರಿಕದಲ್ಲಿ ಮನೆಮನೆಗೆ ಹೇಗೆ ಬಂತು ಎಂದು ಕೇಳಿದರೆ ಒಂದು ಸಿದ್ಧ ಉತ್ತರ ಸಿಗುತ್ತದೆ. 1970ರಲ್ಲಿ ‘ಲವ್ ಸ್ಟೋರಿ’ ಸಿನಿಮಾ ಬಂತು. ನಾಯಕಿಯ ಹೆಸರು ಜೆನಿಫರ್. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದು ತೀರಿಕೊಳ್ಳುತ್ತಾಳೆ. ಜನ ಕಣ್ಣೀರು ಹಾಕಿದರು, ಹುಟ್ಟಿದ ಹೆಣ್ಣುಮಕ್ಕಳಿಗೆ ಅವಳ ಹೆಸರನ್ನೇ ಇಟ್ಟರು ಅಂತ.

ಆದರೆ ತಾರೀಖು ಕೂಡಿಬರುವುದಿಲ್ಲ. ಸಿನಿಮಾ ಬಿಡುಗಡೆಯಾಗಿದ್ದು ಡಿಸೆಂಬರ್‌ನಲ್ಲಿ. 1970ರ ಹೆಸರುಗಳ ಪಟ್ಟಿಯಲ್ಲಿ ಜೆನಿಫರ್ ಆಗಲೇ ಮೊದಲ ಸ್ಥಾನದಲ್ಲಿತ್ತು. ಆ ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಸಿನಿಮಾ ಬರುವ ಮೊದಲೇ ಹುಟ್ಟಿ, ಹೆಸರಿಟ್ಟೂ ಆಗಿತ್ತು. 1960ರ ದಶಕದ ಕೊನೆಗೇ ಅದು ಮೊದಲ ಹತ್ತರೊಳಗೆ ಬಂದಿತ್ತು. ನಮಗೆ ಗೊತ್ತಿರುವ ಜೆನಿಫರ್‌ಗಳನ್ನೇ ನೋಡಿ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರಕ್ಕಾಗಿ 2020ರಲ್ಲಿ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಹುಟ್ಟಿದ್ದು 1964ರಲ್ಲಿ. ನಟಿ ಜೆನಿಫರ್ ಆನಿಸ್ಟನ್, ಗಾಯಕಿ ಜೆನಿಫರ್ ಲೋಪೆಜ್ ಇಬ್ಬರೂ 1969ರವರು. ಮೂವರಿಗೂ ಹೆಸರಿಡುವಾಗ ಆ ಸಿನಿಮಾ ಇರಲೇ ಇಲ್ಲ.

ಇಷ್ಟು ಖಚಿತವಾಗಿ ಹೇಳಲು ಆಗುವುದು ಅಲ್ಲಿನ ದಾಖಲೆಯಿಂದ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚೆಗೆ ಹುಟ್ಟಿದವರ ಹೆಸರುಗಳನ್ನು ವರ್ಷವಾರು ಎಣಿಸಿ ಪ್ರಕಟಿಸುತ್ತದೆ. ಇದನ್ನು 1997ರಲ್ಲಿ ಶುರುಮಾಡಿದವರು ಅಲ್ಲಿನ ಉದ್ಯೋಗಿ ಮೈಕಲ್ ಶ್ಯಾಕಲ್‌ಫರ್ಡ್. ಎಲ್ಲಿ ಹೋದರೂ ಇನ್ನೊಬ್ಬ ಮೈಕಲ್ ಸಿಕ್ಕಿ ಅವರಿಗೆ ಸಾಕಾಗಿತ್ತು. ತಮ್ಮ ಮಗುವಿಗೆ ಹಾಗಾಗಬಾರದು ಎಂದು ಎಣಿಸಲು ಕೂತರು. ಆ ಕೆಲಸ ಇವತ್ತು ಸಮಾಜವಿಜ್ಞಾನಿಗಳಿಗೆ ದೊಡ್ಡ ಗಣಿಯಾಗಿದೆ.

ಹೆಸರಿನ ಮೂಲ ಇನ್ನೂ ಹಳೆಯದು. ಬ್ರಿಟನ್ನಿನ ವೇಲ್ಸ್ ಸೀಮೆಯ ಕಥೆಗಳಲ್ಲಿ ರಾಜ ಆರ್ಥರನ ಹೆಂಡತಿ ಗ್ವೆನ್‌ಹ್ವಿವರ್. ‘ಗ್ವೆನ್’ ಅಂದರೆ ಬಿಳಿ, ಚೆಲುವು. ಹೆಸರಿನ ಉಳಿದ ಭಾಗಕ್ಕೆ ಹಳೆಯ ಐರಿಷ್‌ನಲ್ಲಿ ಭೂತ, ಮಾಯಾರೂಪ ಎಂಬ ಅರ್ಥದ ಶಬ್ದದ ನಂಟಿದೆ. ಇಂಗ್ಲಿಷ್‌ನಲ್ಲಿ ಇದೇ ಗ್ವಿನಿವೀರ್ ಆಯಿತು, ಇಟಲಿಯಲ್ಲಿ ಜಿನೆವ್ರಾ. ಲಿಯೊನಾರ್ಡೊ ಡ ವಿಂಚಿ ಬಿಡಿಸಿದ ಜಿನೆವ್ರಾ ದೆ ಬೆಂಚಿಯ ಚಿತ್ರ ವಾಷಿಂಗ್ಟನ್ನಿನಲ್ಲಿದೆ. ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್‌ನಲ್ಲಿ ಮಾತ್ರ ಅದು ಜೆನಿಫರ್ ಆಗಿ ಉಳಿಯಿತು. 1906ರಲ್ಲಿ ಬರ್ನಾರ್ಡ್ ಷಾ ತಮ್ಮ ಒಂದು ನಾಟಕದಲ್ಲಿ ಕಾರ್ನ್‌ವಾಲ್‌ನ ಹೆಣ್ಣೊಬ್ಬಳಿಗೆ ಈ ಹೆಸರಿಟ್ಟರು. ಇದೇನು ವಿಚಿತ್ರ ಹೆಸರು ಎನ್ನುವವರಿಗೆ, ನೀವು ಗ್ವಿನಿವೀರ್ ಅನ್ನುವುದೇ ಇದು ಎಂದು ಅವಳೇ ವಿವರಿಸಬೇಕಾಗುತ್ತದೆ. ಅಷ್ಟು ಅಪರೂಪದ ಹೆಸರಾಗಿತ್ತು ಆಗ.

ಅಲ್ಲಿಂದ ಏರಿದ್ದು ಮೆಲ್ಲಗೆ. 1970ರಿಂದ 1984ರವರೆಗೆ ಸತತ ಹದಿನೈದು ವರ್ಷ ಮೊದಲ ಸ್ಥಾನ ಬಿಡಲಿಲ್ಲ. 1970ರ ದಶಕದ ಹೆಚ್ಚಿನ ವರ್ಷಗಳಲ್ಲಿ ವರ್ಷಕ್ಕೆ 50,000ಕ್ಕೂ ಜಾಸ್ತಿ ಜೆನಿಫರ್‌ಗಳು ಹುಟ್ಟಿದರು. ತೀರಾ ಜೋರಾಗಿದ್ದಾಗ ಸುಮಾರು 25 ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರು ಇದೇ. ಹಾಜರಿ ಕೂಗುವಾಗ ಜೆನಿಫರ್ ಎಂ., ಜೆನಿಫರ್ ಎಸ್. ಎಂದು ಇನಿಷಿಯಲ್ ಸೇರಿಸದೆ ವಿಧಿಯಿರಲಿಲ್ಲ. ನಮ್ಮ ಶಾಲೆಗಳಲ್ಲಿ ಮಂಜುಳಾ ಕೆ., ಮಂಜುಳಾ ಎನ್. ಇದ್ದ ಹಾಗೆ.

ಹಾಗಾದರೆ ಬೆಳೆಸಿದ್ದು ಯಾವುದು? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಕಿವಿಯದು. ಜೋನಾ ಬರ್ಗರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಚಂಡಮಾರುತಗಳ ಹೆಸರುಗಳನ್ನು ನೋಡಿತು. 2005ರಲ್ಲಿ ಕತ್ರಿನಾ ಚಂಡಮಾರುತ ಊರಿಗೆ ಊರನ್ನೇ ಮುಳುಗಿಸಿತು. ಆಮೇಲೆ ಮಗುವಿಗೆ ಕತ್ರಿನಾ ಎಂದು ಯಾರು ಇಡುತ್ತಾರೆ? ಆ ಹೆಸರು ಬಿತ್ತು. ಆದರೆ ಅದೇ ‘ಕ’ ಸದ್ದಿನಿಂದ ಶುರುವಾಗುವ ಬೇರೆ ಹೆಸರುಗಳು ಸುಮಾರು ಶೇ. 9ರಷ್ಟು ಏರಿದವು. ಸುದ್ದಿಯಲ್ಲಿ ದಿನವಿಡೀ ಕೇಳಿದ ಸದ್ದು ಜನರಿಗೆ ಗೊತ್ತಾಗದೆಯೇ ಹಿತವಾಗಿಬಿಟ್ಟಿತ್ತು. ಪೂರ್ತಿ ಹೊಸದೂ ಅಲ್ಲ, ಪೂರ್ತಿ ಹಳೆಯದೂ ಅಲ್ಲ ಅನ್ನುವ ಹೆಸರು ನಮಗೆ ಇಷ್ಟವಾಗುತ್ತದೆ. ಜೀನ್, ಜೇನ್, ಜಾನೆಟ್, ಜೆನ್ನಿಗಳನ್ನು ಕೇಳಿ ಬೆಳೆದವರಿಗೆ ಜೆನಿಫರ್ ಹಾಗೆ ಕೇಳಿಸಿರಬೇಕು. 1985ರಲ್ಲಿ ಅದನ್ನು ಕೆಳಗಿಳಿಸಿದ ಹೆಸರು ಜೆಸಿಕಾ. ಮೊದಲ ಸದ್ದು ಅದೇ ‘ಜೆ’, ಅಲ್ವಾ? ಸಿನಿಮಾದ ಪಾಲು ಏನೂ ಇಲ್ಲ ಅಂತಲ್ಲ. ಆಗಲೇ ಏರುತ್ತಿದ್ದ ಹೆಸರಿಗೆ ಅದು ಇನ್ನಷ್ಟು ಬಲ ಕೊಟ್ಟಿರಬಹುದು. ಕಥೆ ಬರೆಯುವವರೂ ತಮ್ಮ ಕಾಲದ ಸದ್ದುಗಳನ್ನೇ ಕೇಳಿರುತ್ತಾರೆ.

ಬರ್ಗರ್ ಅವರದೇ ಇನ್ನೊಂದು ಅಧ್ಯಯನದ ಪ್ರಕಾರ ಬೇಗ ಏರಿದ ಹೆಸರು ಬೇಗ ಬೀಳುತ್ತದೆ. ನಾಲ್ಕು ದಿನದ ಷೋಕಿ ಎಂದು ಹೆತ್ತವರು ಹಿಂಜರಿಯುತ್ತಾರಂತೆ. ಮೆಲ್ಲಗೆ ಏರಿದ್ದ ಜೆನಿಫರ್ ಕೂಡ ಕೊನೆಗೆ ಇಳಿದಿದೆ, ಈಗ ಮೊದಲ ನೂರರಲ್ಲೂ ಇಲ್ಲ.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಸಾನ್ವಿ, ತನ್ವಿ, ಅನ್ವಿ, ಜಾನ್ವಿಗಳ ಕಡೆ ಹೋಗುತ್ತದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಮೊದಲ ಅಕ್ಷರವನ್ನು ನಕ್ಷತ್ರವೇ ಗೊತ್ತುಮಾಡುತ್ತದೆ. ಅಶ್ವಿನಿಯಾದರೆ ಚು, ಚೆ, ಚೋ, ಲ. ರೋಹಿಣಿಯಾದರೆ ಒ, ವ, ವಿ, ವು. ಮೊದಲ ಸದ್ದು ಹೀಗೆ ಕಟ್ಟಿಹೋದರೆ ಫ್ಯಾಷನ್ನಿಗೆ ಉಳಿಯುವ ಜಾಗ ಹೆಸರಿನ ಕೊನೆ. ನಿಂಗಮ್ಮ, ಗೌರಮ್ಮರ ‘ಅಮ್ಮ’ ಹೋಗಿ ‘ಶ್ರೀ’ ಬಂತು, ಈಗ ‘ನ್ವಿ’ ಬಂದಿದೆ. ಇದು ನನ್ನ ಊಹೆ, ಪರೀಕ್ಷಿಸಲು ಅಂಕಿಅಂಶ ಬೇಕು. ಕರ್ನಾಟಕದ ಜನನ ನೋಂದಣಿ ಇ-ಜನ್ಮ ತಂತ್ರಾಂಶದಲ್ಲೇ ನಡೆಯುತ್ತದೆ. ಅದರಿಂದ ಬರೀ ಹೆಸರು, ವರ್ಷ, ಜಿಲ್ಲೆ, ಎಣಿಕೆ ಇಷ್ಟನ್ನು ಪ್ರತಿವರ್ಷ ಪ್ರಕಟಿಸಬೇಕು ಎಂದು ನನಗೆ ತುಂಬಾ ಆಸೆ. ಯಾರ ಗುಟ್ಟೂ ಹೊರಬೀಳುವುದಿಲ್ಲ. ವರ್ಷಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅಮೆರಿಕದ ಪಟ್ಟಿ ಬಿಟ್ಟುಬಿಡುತ್ತದೆ, ನಾವೂ ಹಾಗೆಯೇ ಮಾಡಬಹುದು. ‘ನ್ವಿ’ ಮೊದಲು ಬೆಂಗಳೂರಿನಲ್ಲಿ ಹುಟ್ಟಿ ಕಲಬುರಗಿಗೆ ಹೋಯಿತೋ, ಎಲ್ಲ ಕಡೆ ಒಟ್ಟಿಗೇ ಬಂತೋ ಆಗ ತಿಳಿಯುತ್ತದೆ.